ಟೆಡ್ ಚೌಕಟ್ಟೋ, ಚೌಕ ಕಣ್ಣಿನ ಚೀಲವೋ: ಎರಡು ಋತುಗಳ ಅನುಭವ

ಮಲ್ಪೆಯಿಂದ ಹೊರಡುವ ನಮ್ಮ ಟ್ರಾಲ್ ಬೋಟಿನಲ್ಲಿ ಒಂದು ಋತು ಬಲೆಯ ತುದಿಗೆ 40 ಮಿ.ಮೀ. ಚೌಕ ಕಣ್ಣಿನ ಚೀಲವನ್ನೂ, ಮರು ಋತು ಆಮೆಯನ್ನು ಹೊರಬಿಡುವ ಕಂಬಿಗಳ ಚೌಕಟ್ಟನ್ನೂ, ಅಂದರೆ ಟೆಡ್ ಅನ್ನೂ, ಬಳಸಿ ನೋಡಿದೆ. ಮೊದಲ ತಿಂಗಳು ಟೆಡ್‌ನಿಂದಾದ ನಷ್ಟ ಇನ್ನೂ ನೆನಪಿದೆ; ಆದರೂ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಇಟ್ಟುಕೊಳ್ಳುವುದು ಅದನ್ನೇ.

ಚೌಕ ಕಣ್ಣಿನ ಚೀಲ ಅಗ್ಗ. ಸಾಮಾನ್ಯ ಬಲೆಯ ವಜ್ರಾಕಾರದ ಕಣ್ಣು ಭಾರಕ್ಕೆ ಎಳೆದುಕೊಂಡು ಮುಚ್ಚಿದರೆ, ಇದು ತೆರೆದೇ ಇರುವುದರಿಂದ ರಾಣಿಮೀನಿನ ಮರಿಗಳು ನೀರಿನಲ್ಲೇ ಪಾರಾಗುತ್ತವೆ. ಆದರೆ ಆಮೆಗೆ ಇದರಿಂದ ಯಾವ ಉಪಯೋಗವೂ ಇಲ್ಲ. ಜನವರಿಯ ಒಂದು ನಸುಕಿನಲ್ಲಿ, ಮೂರು ಗಂಟೆ ಎಳೆದ ಬಲೆಯ ಗಂಟು ಬಿಚ್ಚಿದಾಗ, ಮೀನಿನ ರಾಶಿಯ ನಡುವೆ ಒಂದು ರಿಡ್ಲೆ ಕಡಲಾಮೆ ಬಿತ್ತು. ಬೋಟು ನಡೆಸುವ ತಾಂಡೇಲರು ಅದರ ಹಿಂಭಾಗವನ್ನು ಹಲಗೆಯ ಮೇಲೆ ಎತ್ತಿಟ್ಟು, ಒದ್ದೆ ಗೋಣಿ ಹೊದಿಸಿ ಮಧ್ಯಾಹ್ನದವರೆಗೂ ಕಾದರು, ಅದು ಅಲುಗಾಡಲಿಲ್ಲ.

ಇನ್ನು ಟೆಡ್‌ನ ಕಿರಿಕಿರಿ. ಸುಮಾರು 10 ಸೆಂ.ಮೀ. ಅಂತರದ ಕಂಬಿಗಳ ನಡುವೆ ಸಿಗಡಿ ಚೀಲಕ್ಕೆ ಹೋಗಬೇಕು, ಆಮೆ ಕಂಬಿಗೆ ತಾಗಿ ಮೇಲಿನ ಬಾಗಿಲಿನಿಂದ ಹೊರಹೋಗಬೇಕು. ನಮ್ಮ ಬಲೆಯಲ್ಲಿ ಸಿಗಡಿಯೂ ಹೊರಹೋಗುತ್ತಿತ್ತು. "ಬಾಗಿಲು ತೆರೆದಿಟ್ಟು ಸಿಗಡಿ ಕಾಯುತ್ತೀರಾ?" ಎಂದು ಬೋಟು ಕಟ್ಟುವ ದಕ್ಕೆಯಲ್ಲಿ ನಕ್ಕವರೇ ಹೆಚ್ಚು. ಕೊನೆಗೆ ಬಲೆಯ ಹಿಂಭಾಗವನ್ನು ಕಂಬಕ್ಕೆ ತೂಗುಹಾಕಿ, ಮಗನ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಮತ್ತು ಸೀಸ ಕಟ್ಟಿ ಅಳೆದರೆ, 30ರಿಂದ 55 ಡಿಗ್ರಿಯೊಳಗೆ ಇರಬೇಕಾದ ಚೌಕಟ್ಟಿನ ಓರೆ 60 ದಾಟಿತ್ತು. ಹೊಲಿದವರು ಸರಿಯಾಗಿಯೇ ಕಟ್ಟಿದ್ದರೋ ಏನೋ, ಹೊಸ ಬಲೆ ನೀರಿನಲ್ಲಿ ಮೇಲೊಂದು ಕೆಳಗೊಂದು ಅಳತೆಗೆ ಹಿಗ್ಗಿತ್ತು. ಚೌಕಟ್ಟು ಹಾಗೆ ನೆಟ್ಟಗಾದರೆ ಪ್ಲಾಸ್ಟಿಕ್ ಚೀಲ, ತೆಂಗಿನ ಗರಿ ಯಾವುದೂ ಜಾರಿ ಹೊರಹೋಗದೆ ಕಂಬಿಗೆ ಅಂಟಿಕೊಂಡು, ನೀರಿನ ಹರಿವನ್ನೂ ಅದರೊಂದಿಗೆ ಸಿಗಡಿಯನ್ನೂ ಬಾಗಿಲಿನತ್ತ ತಿರುಗಿಸುತ್ತವೆ. 45ಕ್ಕೆ ಮರಳಿ ಕಟ್ಟಿಸಿ, ಭಾರ ತಡೆಯಲು ಎರಡು ತೇಲುಬುರುಡೆ ಸೇರಿಸಿದ ಮೇಲೆ, ಲೆಕ್ಕದ ಪುಸ್ತಕದಲ್ಲಿ ಬೆರಳಿಟ್ಟು ತೋರಿಸುವಂಥ ನಷ್ಟ ಉಳಿಯಲಿಲ್ಲ.

ವಿಂಚಿನಲ್ಲಿ ಎತ್ತುವಾಗ ಚೌಕಟ್ಟು ಬೋಟಿನ ಅಂಚಿಗೆ ಬಡಿಯುತ್ತದೆ. ಅದಕ್ಕೆ ಹಳೆಯ ಟಯರ್ ಸಾಕು.

ನಾನು ಹೆಚ್ಚಾಗಿ ಸಿಗಡಿಗೇ ಹೋಗುವವನು. ಟೆಡ್ ಇಲ್ಲವೆಂಬ ಕಾರಣಕ್ಕೆ 2019ರಲ್ಲಿ ಅಮೆರಿಕ ನಮ್ಮ ಕಡಲ ಸಿಗಡಿಯನ್ನು ಬೇಡವೆಂದದ್ದು ನನ್ನಂಥವರಿಗೇ ತಟ್ಟಿದ್ದು. ಆಳಕ್ಕೆ ಹೋಗಿ ರಾಣಿಮೀನು ಹಿಡಿಯುವವರ ಲೆಕ್ಕ ಬೇರೆಯಾಗಬಹುದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಅವರು ಚೌಕ ಕಣ್ಣಿನಿಂದಲೇ ಆರಂಭಿಸಲಿ. ನಿಜಕ್ಕೂ ಒಂದು ಇನ್ನೊಂದನ್ನು ತಡೆಯುವುದಿಲ್ಲ: ಜೂನ್, ಜುಲೈ ರಜೆಯಲ್ಲಿ ಬಲೆ ದುರಸ್ತಿಗೆ ಕೂತಾಗ, ಚೌಕಟ್ಟಿನ ಹಿಂದಕ್ಕೆ ಆ ಹಳೆಯ ಚೌಕ ಕಣ್ಣಿನ ಚೀಲವನ್ನೇ ಹೊಲಿಸುವುದೆಂದು ಇಟ್ಟುಕೊಂಡಿದ್ದೇನೆ.