ಮಣಿಕಟ್ಟಿನ ಗಂಟು: ಬೆಲ್ಟು, ಸೂಜಿ, ಆಪರೇಷನ್ ಮೂರನ್ನೂ ನೋಡಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನಾನು ರೊಟ್ಟಿ ಮಾಡಿ ಮಾರುತ್ತೇನೆ. ದಿನಕ್ಕೆ 150 ಜೋಳದ ರೊಟ್ಟಿ. ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಆರ್ಡರ್ ಬೇರೆ. ನಾಲ್ಕು ವರ್ಷದ ಹಿಂದೆ ಬಲಗೈ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಗಂಟು ಎದ್ದಿತು. ಬಡಿಯುವಾಗ ಅಷ್ಟೇನೂ ನೋಯುತ್ತಿರಲಿಲ್ಲ. ಹಿಟ್ಟು ನಾದುವಾಗ, ಅಂಗೈ ನೆಲಕ್ಕೆ ಊರಿ ಏಳುವಾಗ ಒಳಗೆ ಚುಚ್ಚಿದ ಹಾಗಾಗುತ್ತಿತ್ತು.

ಡಾಕ್ಟರು ಕೋಣೆಯ ದೀಪ ಆರಿಸಿ ಗಂಟಿಗೆ ಟಾರ್ಚ್ ಹಿಡಿದರು. ಗಂಟು ಕೆಂಪಗೆ ಬೆಳಗಿತು. "ನೋಡ್ರಿ ಅಕ್ಕಾರ, ಬೆಳಕು ದಾಟತೈತಿ. ಒಳಗ ಲೋಳಿ ಐತಿ, ಹೆದರಬ್ಯಾಡ್ರಿ" ಎಂದರು. ಇದಕ್ಕೆ ಗ್ಯಾಂಗ್ಲಿಯಾನ್ ಅನ್ನುತ್ತಾರೆ. ಕೀಲಿನಿಂದ ಒಂದು ಸಣ್ಣ ತೊಟ್ಟು ಹೊರಟು, ಅದರ ತುದಿ ಚೀಲದ ಹಾಗೆ ಉಬ್ಬುತ್ತದೆ. ಕ್ಯಾನ್ಸರ್ ಅಲ್ಲ. 20ರಿಂದ 40 ವಯಸ್ಸಿನ ಹೆಂಗಸರಲ್ಲಿ ಜಾಸ್ತಿ.

ಮೊದಲು ಮಣಿಕಟ್ಟು ಅಲುಗದ ಹಾಗೆ ಹಿಡಿಯುವ ಬೆಲ್ಟು. ಆರು ವಾರ ರಾತ್ರಿಯೆಲ್ಲ ಕಟ್ಟಿದೆ, ಕೆಲಸ ಇಲ್ಲದಾಗ ಹಗಲೂ ಕಟ್ಟಿದೆ. ನೋವು ಅರ್ಧ ಇಳಿಯಿತು, ಗಂಟೂ ಚಿಕ್ಕದಾಯಿತು. ಸಂಕ್ರಾಂತಿ ಆರ್ಡರ್ ಬಂತು, ಮತ್ತೆ ಊದಿತು. ಮಣಿಕಟ್ಟಿಗೆ ವಿಶ್ರಾಂತಿ ಸಿಕ್ಕರೆ ಗಂಟು ಕುಗ್ಗುತ್ತದೆ, ದುಡಿದರೆ ಹಿಗ್ಗುತ್ತದೆ. ಬೆಲ್ಟಿನಿಂದ ಗಂಟು ಹೋಗಲಿಲ್ಲ, ಆದರೆ ದಿನ ದೂಡಲು ಅದರಷ್ಟು ಅಗ್ಗದ ದಾರಿ ಬೇರೆ ಇಲ್ಲ.

ಓಣಿಯ ಅಜ್ಜಿಯೊಬ್ಬರು ದಪ್ಪ ಪುಸ್ತಕದಿಂದ ಒಂದೇಟು ಹೊಡೆದರೆ ಒಡೆದು ಹೋಗುತ್ತದೆ ಎಂದರು. ಹಳೇ ಕಾಲದ ಉಪಾಯವಂತೆ. ಹಾಗೆ ಮಾಡಬೇಡಿ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಪೆಟ್ಟು ಅವಕ್ಕೂ ಬೀಳುತ್ತದೆ, ತೊಟ್ಟು ಉಳಿದಿದ್ದರೆ ಗಂಟು ಮತ್ತೆ ತುಂಬಿಕೊಳ್ಳುತ್ತದೆ.

ಸೂಜಿಯ ಮೇಲೆ ನನಗೆ ತುಂಬಾ ಆಸೆ ಇತ್ತು. ಹತ್ತು ನಿಮಿಷದ ಕೆಲಸ. ಚರ್ಮ ಮರಗಟ್ಟಿಸಿ ದಪ್ಪ ಸೂಜಿ ಹಾಕಿ ಗಂಟಿನ ಒಳಗಿನದನ್ನು ಎಳೆದು ತೆಗೆದರು. ಒಳಗಿನದು ನೀರಲ್ಲ, ಲೋಳೆಸರ ಸೀಳಿದಾಗ ಬರುವಂಥ ಗಟ್ಟಿ ಲೋಳೆ. ಸಣ್ಣ ಸೂಜಿಯಲ್ಲಿ ಅದು ಏರುವುದೇ ಇಲ್ಲ. ಮನೆಗೆ ಬಂದು ಕೈ ಸವರಿ ಸವರಿ ನೋಡಿದೆ, ಸಪಾಟಾಗಿತ್ತು. ಮೂರು ತಿಂಗಳಿಗೆ ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ಮತ್ತೆ ಬಂತು. ಲೋಳೆ ತೆಗೆದರೂ ತೊಟ್ಟು ಹಾಗೇ ಇರುತ್ತದಲ್ವಾ? ಸೂಜಿ ಹಾಕಿಸಿಕೊಂಡವರಲ್ಲಿ ಅರ್ಧಕ್ಕರ್ಧ ಜನಕ್ಕೆ ಹೀಗೇ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ನನ್ನ ನೆಗೆಣ್ಣಿಗೆ ಗಂಟು ಎದ್ದದ್ದು ಅಂಗೈ ಕಡೆ, ನಾಡಿ ಹಿಡಿಯುವ ಜಾಗದ ಪಕ್ಕ. ಅಲ್ಲಿ ರಕ್ತನಾಳ ಇರುವುದರಿಂದ ಸೂಜಿ ಬೇಡ ಎಂದರು. ಅವಳು ಸುಮ್ನೆ ಬಿಟ್ಟಳು. ಎರಡು ವರ್ಷದಲ್ಲಿ ತಾನೇ ಹೋಯಿತು. ಏನೂ ಮಾಡದೆ ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೀಗೆ ತಾನಾಗಿ ಕರಗುತ್ತದೆ. ನೋವಿಲ್ಲದವರಿಗೆ ನಾನು ಹೇಳುವುದು ಇದನ್ನೇ.

ನನಗೆ ಕಾಯಲು ಆಗಲಿಲ್ಲ. ಹಿಟ್ಟು ನಾದದೆ ಸಂಸಾರ ನಡೆಯುವುದಿಲ್ಲ. ಹೋದ ವರ್ಷ ಆಪರೇಷನ್ ಮಾಡಿಸಿದೆ. ತೊಟ್ಟಿನ ಸಮೇತ ತೆಗೆದರು, ಸಂಜೆಗೇ ಮನೆಗೆ ಬಂದೆ. ಆದರೆ ಎರಡು ತಿಂಗಳು ರೊಟ್ಟಿ ಬಂದ್. ಕೈ ಬಿಗಿದು ಹೋಗಿತ್ತು, ಬಿಸಿನೀರಿನಲ್ಲಿ ದಿನಾ ಮಣಿಕಟ್ಟು ಬಗ್ಗಿಸಿ ಬಗ್ಗಿಸಿ ಸಡಿಲ ಮಾಡಬೇಕಾಯಿತು. ಈಗಲೂ ಅಂಗೈ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ, ಗಾಯದ ಪಕ್ಕ ಸ್ವಲ್ಪ ಜೋಮು ಇದೆ. ಚುಚ್ಚುವ ನೋವು ಮಾತ್ರ ಹೋಯಿತು. ಇದರಲ್ಲೂ ಕೆಲವರಿಗೆ ಗಂಟು ಮರಳುತ್ತದೆ, ಆದರೆ ಸೂಜಿಯಷ್ಟು ಅಲ್ಲ. ಮಾಡಿಸುವುದಾದರೆ ಎರಡು ತಿಂಗಳ ಖರ್ಚಿಗೆ ಮೊದಲೇ ದುಡ್ಡು ಕೂಡಿಡಿ.

ಗಂಟು ಬೇಗ ಬೇಗ ಬೆಳೆದರೆ, ಕಲ್ಲಿನಂತೆ ಗಟ್ಟಿ ಇದ್ದರೆ, ಕೆಂಪಾಗಿ ಬಿಸಿಯಾದರೆ, ಬೆರಳು ಜೋಮು ಹಿಡಿದರೆ ಈ ಯಾವ ಲೆಕ್ಕವೂ ಬೇಡ, ತಕ್ಷಣ ತೋರಿಸಿ.

ಹೋದ ತಿಂಗಳು ನನ್ನ ಎಡಗೈಯಲ್ಲೂ ಕಡಲೆಕಾಳಿನಷ್ಟು ಎದ್ದಿದೆ. ನೋವಿಲ್ಲ. ರಾತ್ರಿ ಬೆಲ್ಟು ಕಟ್ಟಿ ಮಲಗುತ್ತಿದ್ದೇನೆ, ಸೂಜಿಗೆ ಹೋಗಿಲ್ಲ.