ಸೆಕೆಂಡ್ ಹ್ಯಾಂಡ್ ಕಾರಿಗೆ ಯಾವ ವಾರಂಟಿ? ಕೊಡಗಿನ ರಸ್ತೆಯಲ್ಲಿ ಎರಡನ್ನೂ ಬಳಸಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳಿವೆ. ಒಂದಕ್ಕೆ ಕಾರು ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿ (ಮಾಮೂಲಿ ವಾರಂಟಿ ಮುಗಿದ ಮೇಲೂ ಮುಂದುವರಿಯಲು ದುಡ್ಡು ಕೊಟ್ಟು ಮಾಡಿಸುವುದು), ಹಿಂದಿನ ಮಾಲೀಕರು ಮಾಡಿಸಿದ್ದು. ಇನ್ನೊಂದಕ್ಕೆ ಮೈಸೂರಿನ ಡೀಲರ್ ಹೊರಗಿನ ಸಂಸ್ಥೆಯೊಂದರ ವಾರಂಟಿ ಸೇರಿಸಿ ಮಾರಿದರು. ಕಂಪನಿ ವಾರಂಟಿ ಬಾಕಿ ಇದ್ದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಆ ಕಾರನ್ನೇ ತಗೊಳ್ಳಿ.

ಸಂಪಾಜೆ ಘಾಟಿ ಹತ್ತುವಾಗ ಮೊದಲನೇ ಕಾರಿನ ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಗಿಯಾಯಿತು. ಮೀಟರಿನಲ್ಲಿ ಹಳದಿ ದೀಪ. ತಿರುವಿನಲ್ಲಿ ಎರಡೂ ಕೈ ಹಾಕಿ ಎಳೆಯಬೇಕಾಯಿತು. ಪವರ್ ಸ್ಟೀರಿಂಗ್ ಮೋಟರ್ ಹೋಗಿತ್ತು. ಸರ್ವೀಸ್ ಸೆಂಟರಿನಲ್ಲಿ ಚಾಸಿ ನಂಬರ್ ಹಾಕಿದರು. ವಾರಂಟಿ ಯಾವಾಗ ಮುಗಿಯುತ್ತದೆ, ಹಿಂದೆ ಯಾವಾಗ ಸರ್ವೀಸ್ ಆಗಿದೆ, ಎಲ್ಲ ಸ್ಕ್ರೀನ್ ಮೇಲೆ ಬಂತು. ಪಾರ್ಟ್‌ಗೆ ಕಾಯಬೇಕಾಯಿತು, ಆದರೆ ದುಡ್ಡು ಕೇಳಲಿಲ್ಲ. ಹಳೇ ಮಾಲೀಕರು ಸರ್ವೀಸ್ ತಪ್ಪಿಸಿದ್ದರೆ ಮಾತ್ರ ಇಂಥ ಕ್ಲೇಮ್ ಕಷ್ಟ. ಆರ್‌ಸಿ ನಿಮ್ಮ ಹೆಸರಿಗೆ ಆದ ಕೂಡಲೇ ವಾರಂಟಿಯನ್ನೂ ವರ್ಗಾಯಿಸಿಕೊಳ್ಳಿ.

ಕಾರು ಹೊಸದಾಗಿ ಯಾವಾಗ ಮಾರಾಟವಾಗಿದ್ದು ಅನ್ನೋದನ್ನೂ ನೋಡಿ. ಮಾರುತಿಯ ಮಾಮೂಲಿ ವಾರಂಟಿ ಮೊದಲು 2 ವರ್ಷ ಅಥವಾ 40,000 ಕಿಲೋಮೀಟರ್ ಇತ್ತು. 2024ರ ಜುಲೈನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಆಗಿದೆ.

ಎರಡನೇ ಕಾರಿನ ಕಾಗದದಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಂದು ದೊಡ್ಡದಾಗಿ ಹಾಕಿದ್ದಾರೆ. ಕೊಡದೇ ಇರುವುದೆಲ್ಲ ಸಣ್ಣಕ್ಷರದಲ್ಲಿದೆ: ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ತುಕ್ಕು, ಇಲಿ ಕಡಿದ ವೈರ್. ಕೊಡಗಿನಲ್ಲಿ ಮೊದಲು ಕೈಕೊಡುವುದೇ ಇವು, ಅಲ್ವಾ? ಕಾಫಿ ತೋಟದ ಏರಿನಲ್ಲಿ ಹಾಫ್ ಕ್ಲಚ್, ಇಳಿಜಾರಿನಲ್ಲಿ ಸದಾ ಬ್ರೇಕ್, ಶೆಡ್ಡಿನಲ್ಲಿ ಇಲಿ. ನಿಜ ಹೇಳಬೇಕೆಂದರೆ ಸವೆಯುವ ಭಾಗಗಳಿಗೆ ಕಂಪನಿ ವಾರಂಟಿಯೂ ಕೊಡುವುದಿಲ್ಲ.

ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿದಾಗ ಕ್ಲೇಮ್ ಹಾಕಿದೆ. ಒಪ್ಪಿಗೆ ಬರುವ ತನಕ ಒಂದು ಬೋಲ್ಟೂ ಬಿಚ್ಚುವಂತಿಲ್ಲ ಎಂದರು. ರಿಪೇರಿ ಮೈಸೂರಿನಲ್ಲೇ ಆಗಬೇಕು, ಟೋಯಿಂಗ್ ಖರ್ಚು ನಮ್ಮದು. ಕೊನೆಗೆ ಪಾರ್ಟಿನ ಹಣ ಸಿಕ್ಕಿತು, ಕೂಲಿ ಸಿಗಲಿಲ್ಲ. ಅಷ್ಟರಲ್ಲಿ ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ ಕೆಲಸ ಮುಗಿಸಿಕೊಡುತ್ತಿದ್ದರು.

ಹಾಗಾಗಿ ಕಂಪನಿ ವಾರಂಟಿ ಮುಗಿದ ಕಾರಾದರೆ ಹೊರಗಿನ ವಾರಂಟಿಗೆ ಸುಮ್ನೆ ದುಡ್ಡು ಹಾಕಬೇಡಿ. ಆ ದುಡ್ಡನ್ನು ಕ್ಲಚ್ಚಿಗೆ, ಬ್ರೇಕಿಗೆ ಎತ್ತಿಡಿ. ಮಳೆಗಾಲದಲ್ಲಿ ಎಂಜಿನ್‌ಗೆ ನೀರು ನುಗ್ಗಿದರೆ ಯಾವ ವಾರಂಟಿಯೂ ಬರುವುದಿಲ್ಲ. ಅದಕ್ಕೆ ಇನ್ಶೂರೆನ್ಸ್ ಜೊತೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಮಾಡಿಸಬೇಕು. ಡೀಲರ್ ವಾರಂಟಿ ಉಚಿತ ಎಂದರೆ ತಗೊಳ್ಳಿ. ಆದರೆ ಅಡ್ವಾನ್ಸ್ ಕೊಡುವ ಮೊದಲೇ ಅದರ ಪೂರ್ತಿ ಕಾಗದ ವಾಟ್ಸಾಪಿಗೆ ತರಿಸಿಕೊಂಡು, ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲಿ ಯಾವ ವರ್ಕ್‌ಶಾಪ್ ಒಪ್ಪುತ್ತಾರೆ ಎಂದು ಬರೆಸಿಕೊಳ್ಳಿ.