ಅಡಾಪಲೀನ್-ಬೆಂಜಾಯಿಲ್ ಪೆರಾಕ್ಸೈಡ್ ಜೆಲ್: 14 ವಾರ ಹಚ್ಚಿದ ಮೇಲೆ

ಕ್ಯಾತ್ಸಂದ್ರದಲ್ಲಿ ನನ್ನದು ಬ್ಲೌಸ್ ಹೊಲಿಯೋ ಅಂಗಡಿ. ಗಿರಾಕಿಗಳು ಟ್ರಯಲ್ ನೋಡಲಿ ಅಂತ ನಿಲುಗನ್ನಡಿ ಹಾಕಿಸಿದ್ದೀನಿ. ಎರಡು ವರ್ಷ ನಾನು ಆ ಕಡೆ ಮುಖ ಮಾಡಿರಲಿಲ್ಲ. ಕಾರಣ ಮೊಡವೆ: ದವಡೆ ತುಂಬ ಕೆಂಪು ಗಂಟು, ಹಣೆ ಮೇಲೆ ಕೈಗೆ ಮಾತ್ರ ಸಿಗೋ ರವೆಯಂಥ ತರಿ.

ಮೊದಲು ಒಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕ್ರೀಮ್ ಕೊಟ್ಟರು. ವಾರದಲ್ಲಿ ಮುಖ ಹೊಳೀತು. ಬಿಟ್ಟಕೂಡಲೇ ಮೊದಲಿಗಿಂತ ಜಾಸ್ತಿ ಎದ್ದವು. ತುಮಕೂರಿನ ಚರ್ಮದ ಡಾಕ್ಟರು ಆ ಟ್ಯೂಬ್ ತಿರುಗಿಸಿ ನೋಡಿ, "ಇದು ಸ್ಟೀರಾಯ್ಡ್ ಕಣಮ್ಮ, ಮುಖಕ್ಕೆ ಹೀಗೆ ಹಚ್ಚಬಾರದು, ಇದರಿಂದಲೇ ಮೊಡವೆ ಬರುತ್ತೆ" ಅಂದರು. ಆಮೇಲೆ ಬರೆದುಕೊಟ್ಟಿದ್ದು ಈ ಜೆಲ್: ಅಡಾಪಲೀನ್ 0.1 ಪರ್ಸೆಂಟ್, ಬೆಂಜಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟ್.

ಗುಳ್ಳೆ ಇರೋ ಕಡೆ ಮಾತ್ರ ಹಚ್ಚಲಾ ಅಂತ ಕೇಳಿದೆ. ಬೇಡ, ಇಡೀ ಮುಖಕ್ಕೆ ಅಂದರು. ಕಾರಣ ಹೇಳಿದ್ದು ನನಗೆ ತುಂಬ ಹಿಡಿಸಿತು. ಕೂದಲ ಬುಡದ ರಂಧ್ರದ ಒಳಗೋಡೆಯಲ್ಲಿ ಚರ್ಮದ ಕೋಶಗಳು ಹುಟ್ಟುತ್ತಾ ಉದುರುತ್ತಾ ಇರುತ್ತವಂತೆ. ಮೊಡವೆ ಏಳುವವರಲ್ಲಿ ಅವು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿ, ಸತ್ತವು ಉದುರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಷೀನಿನ ಬಾಬಿನ್ ಕೇಸಿನ ಅಡಿಯಲ್ಲಿ ನೂಲಿನ ಧೂಳು, ಎಣ್ಣೆ ಸೇರಿ ಗಟ್ಟಿ ಬಿಲ್ಲೆಯಾಗೋದನ್ನ ಸೂಜಿಯಿಂದ ಕೆರೆದು ತೆಗೆಯೋಳು ನಾನು, ತಕ್ಷಣ ಅರ್ಥವಾಯ್ತು. ಹಾಗೇ ಮುಖದ ಜಿಡ್ಡು ಒಳಗೇ ನಿಂತು ರಂಧ್ರ ಕಟ್ಟುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ಉರಿಯೂತ ಕೊನೆಗೆ ಬರೋದಲ್ಲ, ಗುಳ್ಳೆ ಕಣ್ಣಿಗೆ ಬೀಳೋ ಮೊದಲೇ ಒಳಗೆ ಶುರುವಾಗಿರುತ್ತೆ. ರಂಧ್ರದ ಗೋಡೆ ಒಡೆದು ಒಳಗಿನದು ಸುತ್ತ ಹರಡಿದಾಗ ಅದು ಜೋರಾಗುತ್ತೆ. ನಾವು ನೋಡೋ ಕೆಂಪು, ಊತ, ನೋವು ಅದೇ. ಹಿಸುಕಿದರೆ ಇನ್ನೂ ಒಳಗೆ ಒಡೆಯುತ್ತೆ.

ಅಡಾಪಲೀನ್ ಈ ಅಂಟಿಕೊಳ್ಳೋದನ್ನ ಸರಿಮಾಡುತ್ತೆ, ಉರಿಯೂತವನ್ನೂ ತಗ್ಗಿಸುತ್ತೆ. ಜೆಲ್ಲಿನಲ್ಲಿರೋ ಇನ್ನೊಂದು ಮದ್ದು, ಬೆಂಜಾಯಿಲ್ ಪೆರಾಕ್ಸೈಡ್, ಬ್ಯಾಕ್ಟೀರಿಯಾವನ್ನ ಕೊಲ್ಲುತ್ತೆ. ಗುಳ್ಳೆ ಕಾಣೋ ಮೊದಲೇ ಒಳಗೆ ಇದೆಲ್ಲ ನಡೆಯೋದರಿಂದ ಇಡೀ ಮುಖಕ್ಕೆ ಹಚ್ಚಬೇಕು, ಇವತ್ತು ಹಚ್ಚಿ ನಾಳೆ ನೋಡೋ ಮದ್ದಲ್ಲ ಇದು.

ಮೊದಲ ಮೂರು ವಾರ ಕಷ್ಟಪಟ್ಟೆ. ತುಟಿಯ ಅಂಚಲ್ಲಿ ಈರುಳ್ಳಿ ಪೊರೆಯಂತೆ ಸಿಪ್ಪೆ ಎದ್ದಿತು, ಸಾರು ತಾಗಿದರೂ ಚುರುಚುರು. ಡಾಕ್ಟರು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿ, ಮುಖ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಸಾಕು, ಮೇಲೊಂದು ಮಾಯಿಶ್ಚರೈಸರ್ ಅಂದರು. ಹಾಗೆ ಮಾಡಿದೆ, ತಡೆಯಿತು. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಿಲ್ಲ. ಎಂಟನೇ ವಾರಕ್ಕೆ ಹಣೆಯ ತರಿ ಹೋಯ್ತು, ಹನ್ನೆರಡಕ್ಕೆ ದವಡೆಯ ಗಂಟುಗಳು ಇಳಿದವು.

ಒಂದು ವಿಷಯ ಯಾರೂ ಹೇಳಿರಲಿಲ್ಲ, ನಾನು ಹೇಳ್ತೀನಿ. ಜೆಲ್ ಹಚ್ಚಿದ ಕೈ ಸರಿಯಾಗಿ ತೊಳೆಯದೆ, ರಾತ್ರಿ ಒಬ್ಬರ ಮರೂನ್ ರೇಷ್ಮೆ ಬ್ಲೌಸಿಗೆ ಹುಕ್ಕು ಹಾಕಿದೆ. ಬೆಳಿಗ್ಗೆ ನೋಡಿದರೆ ಬೆರಳಿನ ಆಕಾರದಲ್ಲೇ ಕೇಸರಿ ಕಲೆ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತೆ. ಆ ತಾಯಿಗೆ ಹೊಸ ಪೀಸ್ ತಂದು ಹೊಲಿದುಕೊಟ್ಟೆ. ಬಿಳಿ ದಿಂಬಿನ ಕವರ್ ಹಾಕಿಕೊಳ್ಳಿ, ಕೈ ಸೋಪಲ್ಲಿ ತೊಳೀರಿ.

ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. 15 ಗ್ರಾಂ ಟ್ಯೂಬ್ ನನಗೆ ತಿಂಗಳ ಮೇಲೆ ಬರುತ್ತೆ. ಕಂದು ಕಲೆಗಳು ಇನ್ನೂ ಇವೆ, ಅವು ಮಾಸೋಕೆ ತಿಂಗಳುಗಳೇ ಬೇಕಂತೆ. ಮುಂದಿನ ಟ್ಯೂಬ್ ತಂದಿಟ್ಟಿದ್ದೀನಿ.